ಬಾಗುವ ಲಕೋಟೆ

ಬೆಳಗಿನ ಏಳೂವರೆಗೆ ಬೈಂಡರ್ ಮನೆಯ ಮುಂದಿನ ಕೋಣೆಯಲ್ಲಿ ಗೋಂದಿನ ವಾಸನೆ ಚಹಾದ ವಾಸನೆಯನ್ನು ಆಗಲೇ ಸೋಲಿಸಿತ್ತು. ಹೊಲಿಗೆಗೆ ಕಾದಿದ್ದ ಕಚೇರಿ ಕಡತಗಳನ್ನು ಬದಿಗೆ ಸರಿಸಿ, ಅವನು ಅಂಗೈಗಿಂತ ಚಿಕ್ಕದಾದ ಒಂದು ಕಾರ್ಡನ್ನು ಎರಡು ರಟ್ಟುಗಳ ನಡುವೆ ಇಡುತ್ತಿದ್ದ. ಕಾರ್ಡಿನ ಮೇಲೆ ಮೂರು ಕಣ್ಣಿನ ಹದ್ದಿನ ಚಿತ್ರ. ರಟ್ಟು ಪುಸ್ತಕದ ಹೊದಿಕೆಗೆ ಬಳಸುವಂಥದ್ದು. ನಾಲ್ಕೂ ಅಂಚಿಗೆ ಬಟ್ಟೆಯ ಪಟ್ಟಿ ಅಂಟಿಸಿ, ಒತ್ತಿ ತೀಡಿ, ಲಕೋಟೆಗೆ ಹಾಕಿ, ಬೆರಳಿನಿಂದ ಟಕಟಕ ಬಡಿದ.

"ಆನೆ ತುಳಿದ್ರೂ ಬಾಗಲ್ಲ," ಅಂದ.

"ಅಂಚೇಲಿ ಆನೆ ಯಾಕೆ ಬರುತ್ತೆ?" ಅಂದಳು ಹೆಂಡತಿ, ಕನ್ನಡಿಯ ಮುಂದೆ ಕೂದಲು ಕಟ್ಟಿಕೊಳ್ಳುತ್ತಾ. ಅವಳು ಬಸ್ ನಿಲ್ದಾಣದಲ್ಲಿ ಕಳೆದುಹೋದ ವಸ್ತುಗಳ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಎಂಟಕ್ಕೆ ಕೌಂಟರ್ ತೆರೆಯಬೇಕು.

ಕಾರ್ಡುಗಳು ಅವನ ಕೈಗೆ ಬಂದದ್ದು ಆಕಸ್ಮಿಕ. ಮುಚ್ಚಿಹೋದ ಒಂದು ಲೇಖನ ಸಾಮಗ್ರಿ ಅಂಗಡಿಯ ರದ್ದಿಯನ್ನು ಅವನು ಒಟ್ಟಿಗೆ ಕೊಂಡಿದ್ದ. ಅದರ ತಳದಲ್ಲಿ ಒಡೆಯದ ಎರಡು ಪೆಟ್ಟಿಗೆಗಳು ಸಿಕ್ಕವು. ಒಳಗೆ ವಿಚಿತ್ರ ಪ್ರಾಣಿಗಳ ಚಿತ್ರವಿದ್ದ ಸಾವಿರಾರು ಕಾರ್ಡು. ಇವನ್ನು ಕೂಡಿಸುವ, ಬದಲಾಯಿಸಿಕೊಳ್ಳುವ ದೊಡ್ಡವರೇ ನೂರಾರು ಜನ ಇದ್ದಾರೆ, ಅವರದೇ ಒಂದು ಗುಂಪು ಫೋನಿನಲ್ಲಿದೆ ಎಂದು ಹೇಳಿದವನು ಭಾವಮೈದುನ. ಗುಂಪಿನಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ಎಲ್ಲರೂ ಅಡ್ಡಹೆಸರಿನವರೇ. ಬೈಂಡರ್ 'ಗೋಂದು' ಎಂಬ ಹೆಸರಿನಲ್ಲಿ ಸೇರಿಕೊಂಡ. ಸೇರಿದ ಮೇಲೆ ಗೊತ್ತಾಯಿತು, ಆ ಹೆಸರಿಗೆ ಜನ ನಕ್ಕರೂ ಮರೆಯುವುದಿಲ್ಲ ಎಂದು.

ಒಂದು ಕಾರ್ಡಿಗೆ ಒಂದು ಲೋಟ ಚಹಾದ ಬೆಲೆ. ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದರೆ ಆರು ಲೋಟ ಚಹಾದ ಖರ್ಚು. ಮೂಗಿಗಿಂತ ಮೂಗುತಿ ಭಾರ. ಹಾಗಾಗಿ ಅವನು ಸಾದಾ ಪತ್ರದ ಅಂಚೆಚೀಟಿ ಹಚ್ಚಿ, ಬೀದಿ ಕೊನೆಯ ಅಂಚೆ ಡಬ್ಬಿಗೆ ಹಾಕುತ್ತಿದ್ದ. ಹೋದದ್ದು ತಲುಪಿತೇ ಇಲ್ಲವೇ ತಿಳಿಯುವ ದಾರಿ ಇಲ್ಲ, ಕೊಂಡವರ ಮಾತೇ ರಸೀದಿ. ಎರಡು ತಿಂಗಳು ಆ ಮಾತು ನಡೆಯಿತು. ಮೊದಲ ಬಾರಿ ಒಬ್ಬರು ಕಾರ್ಡು ಬಂದಿಲ್ಲ ಎಂದಾಗ ಅವನು ಮಾತಾಡದೆ ಇನ್ನೊಂದು ಕಳಿಸಿದ್ದ.

ಹದ್ದಿನ ಲಕೋಟೆಗೆ ವಿಳಾಸ ಬರೆಯುವಷ್ಟರಲ್ಲಿ ಫೋನು ಗುನುಗಿತು.

"ಗೋಂದಣ್ಣ, ಎರಡು ತಲೆ ಮೊಸಳೆ ಇನ್ನೂ ಬಂದಿಲ್ಲ. ಇವತ್ತಿಗೆ ಇಪ್ಪತ್ತೆರಡು ದಿನ ಆಯ್ತು." ಕಳಿಸಿದವರ ಹೆಸರು: ಹಸಿರು ಆಮೆ.

ಬೈಂಡರ್‌ನ ಕಿವಿ ಬಿಸಿಯಾಯಿತು. "ಮತ್ತೊಬ್ಬ! ಮೊದಲ್ನೇ ಸಲ ನಾನು ಸುಮ್ನಿದ್ನಲ್ಲ, ಈಗ ಸಾಲು ಹಿಡಿದು ಬರ್ತಾರೆ."

"ಬಂದಿಲ್ಲ ಅಂತ ಹೇಳಿದ್ದಾರೆ ಅಷ್ಟೇ. ಬೈದಿಲ್ಲವಲ್ಲ," ಅಂದಳು ಹೆಂಡತಿ.

"ಕಳ್ಳ ಬೈದುಕೊಂಡು ಬರ್ತಾನಾ? ಅಣ್ಣ ಅಂದ್ಕೊಂಡೇ ಬರೋದು."

"ನನ್ನ ಕೌಂಟರಿಗೆ ಬಂದು ಕದ್ರು ಕದ್ರು ಅಂತ ಕೂಗೋರಲ್ಲಿ ಹತ್ತಕ್ಕೆ ಒಂಬತ್ತು ಜನ ತಾವೇ ಸೀಟಿನ ಮೇಲೆ ಬಿಟ್ಟಿರ್ತಾರೆ. ಎರಡು ದಿನ ತಡೀರಿ."

"ನಿನ್ನ ಕೌಂಟರ್ ನಿನ್ನದು, ನನ್ನ ಮೊಸಳೆ ನನ್ನದು," ಅಂದ ಅವನು.

ಅವಳು ಬಾಗಿಲು ದಾಟಿದ ಮೇಲೆ ಗುಂಪಿನಲ್ಲಿ ಹೀಗೆ ಬರೆದ: "ಎಚ್ಚರ. ಹಸಿರು ಆಮೆ ಅನ್ನುವವರು ಕಾರ್ಡು ತಲುಪಿದರೂ ತಲುಪಿಲ್ಲ ಅನ್ನುತ್ತಾರೆ. ಅಗ್ಗದ ಅಂಚೆಯಲ್ಲಿ ಕಳಿಸುವವರ ಹೊಟ್ಟೆ ಮೇಲೆ ಹೊಡೆಯುವ ಕೆಲಸ."

ಒಂದು ಗಂಟೆಯೊಳಗೆ ನಲವತ್ತು ಉತ್ತರ ಬಂದವು. ಆಮೆ ಚಿಪ್ಪಿನೊಳಗೆ ಎಷ್ಟು ಕಾರ್ಡಿವೆ ಎಂದು ಒಬ್ಬ ಕೇಳಿದ. ನಿಧಾನಕ್ಕೆ ಕದ್ದರೂ ಕಳ್ಳತನವೇ ಅಂದ ಇನ್ನೊಬ್ಬ. ಮುಂದಿನ ಭಾನುವಾರ ನಡೆಯಲಿದ್ದ ಕಾರ್ಡು ಬದಲಾವಣೆಯ ಕೂಟಕ್ಕೆ ಆಮೆ ಬರುವುದು ಬೇಡ ಎಂದು ಗುಂಪಿನ ಯಜಮಾನ ತೀರ್ಪು ಕೊಟ್ಟ. ಮಧ್ಯಾಹ್ನ ಹಸಿರು ಆಮೆ ಒಂದೇ ಸಾಲು ಬರೆಯಿತು: "ನಾನು ಸುಳ್ಳು ಹೇಳಿಲ್ಲ." ಅದರ ಕೆಳಗೆ ಬೂದು ಅಕ್ಷರದಲ್ಲಿ, ಹಸಿರು ಆಮೆ ಗುಂಪು ಬಿಟ್ಟಿದ್ದಾರೆ ಎಂದು ಬಂತು.

ಬೈಂಡರ್‌ಗೆ ಗೆದ್ದ ಹಾಗೇನೋ ಅನಿಸಿತು. ಆದರೆ ಆ ಸಾಯಂಕಾಲ ಅವನು ಹೊಲಿದ ಕಡತದ ಎರಡು ಪುಟಗಳು ತಲೆಕೆಳಗಾಗಿದ್ದವು. ಬಿಚ್ಚಿ ಮತ್ತೆ ಹೊಲಿದ.

ಮರುದಿನ ಅವನು ಅಂಚೆ ಕಚೇರಿಗೆ ಹೋದ. ಹದ್ದಿನ ಲಕೋಟೆಯೂ ಜೊತೆಗಿತ್ತು. ತಲುಪಿದ್ದಕ್ಕೆ ಪುರಾವೆ ಸಿಗುವಂಥ, ಆದರೆ ಆರು ಚಹಾ ಕುಡಿಯದಂಥ ದಾರಿ ಯಾವುದಾದರೂ ಇದೆಯೇ ಎಂದು ಕೇಳುವುದು ಉದ್ದೇಶ. ಕೌಂಟರಿನಲ್ಲಿದ್ದ ಹೆಂಗಸು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಲಕೋಟೆಯನ್ನು ತೂಗಿ ನೋಡಿದಳು. ತೂಕದ ಬಗ್ಗೆ ಏನೂ ಅನ್ನಲಿಲ್ಲ. ಪಕ್ಕದಲ್ಲಿದ್ದ ಒಂದು ತಗಡಿನ ಹಲಗೆ ಎಳೆದುಕೊಂಡಳು. ಅದರಲ್ಲಿ ಐದು ಮಿಲಿಮೀಟರಿನ ಒಂದು ಸೀಳು. ಲಕೋಟೆ ಸೀಳಿಗೆ ತಗುಲಿ ನಿಂತಿತು.

"ಇದು ಪತ್ರ ಅಲ್ಲ ಸ್ವಾಮಿ, ಕಿಟಕಿ ಬಾಗಿಲು," ಅಂದಳು.

"ಒಳಗಿರೋದು ಒಂದೇ ಒಂದು ಕಾರ್ಡು ಮೇಡಂ."

"ಒಳಗೆ ಗಾಳಿ ಇರ್ಲಿ. ಈ ಸೀಳಲ್ಲಿ ಹೋಗ್ಬೇಕು, ಕೈಲಿ ಹಿಡಿದ್ರೆ ಸ್ವಲ್ಪ ಬಾಗ್ಬೇಕು. ಯಂತ್ರದ ಉರುಳೆಗಳ ಮಧ್ಯೆ ಸುತ್ತಿಕೊಂಡು ಹೋಗುತ್ತೆ ಪತ್ರ. ಬಾಗದ್ದು ಸಿಕ್ಕಿಹಾಕ್ಕೊಂಡು ಬೇರೆಯವರ ಪತ್ರಾನೂ ಹರಿಯುತ್ತೆ. ಅದಕ್ಕೇ ಇಂಥದ್ದನ್ನ ಪೊಟ್ಟಣ ಅಂತ ಲೆಕ್ಕ ಹಿಡೀತೀವಿ. ಪತ್ರದ ಅಂಚೆಚೀಟಿ ಹಚ್ಚಿದ್ರೆ ಕಮ್ಮಿ ಬಿದ್ದಿದ್ದರ ಎರಡರಷ್ಟು ಪಡೆಯೋರ ಹತ್ರ ವಸೂಲಿ."

"ಪಡೆಯೋರ ಹತ್ರಾನಾ?" ಬೈಂಡರ್ ಕೌಂಟರಿನ ಅಂಚು ಹಿಡಿದುಕೊಂಡ. "ನಾನು ಎರಡು ತಿಂಗಳಿಂದ ಹೀಗೇ ಡಬ್ಬಿಗೆ ಹಾಕ್ತಿದೀನಿ. ತುಂಬಾ ತಲುಪಿವೆ."

"ಕೆಲವು ಕಣ್ತಪ್ಪಿಸಿ ನುಸುಳ್ತವೆ. ಸಿಕ್ಕಿಬಿದ್ದದ್ದಕ್ಕೆ ಅವರ ಮನೆಗೆ ಸೂಚನೆ ಚೀಟಿ ಹೋಗುತ್ತೆ, ಬಂದು ದಂಡ ಕಟ್ಟಿ ತಗೊಂಡು ಹೋಗಿ ಅಂತ. ಹತ್ತು ದಿನ ಕಾಯ್ತೀವಿ, ಆಮೇಲೆ ಕಳಿಸಿದವರಿಗೇ ವಾಪಸ್ಸು." ಅವಳು ಲಕೋಟೆಯ ಹಿಂದಿನ ವಿಳಾಸ ಓದಿದಳು, ಮತ್ತೊಮ್ಮೆ ಓದಿದಳು. "ಓ, ಗೋಂದಿನ ಮನೆಯವರು ನೀವೇನಾ? ವಾಪಸ್ಸು ಬಂದ ನಿಮ್ಮ ಲಕೋಟೆಗಳು ಬಾಗಿಲಿನ ಸೀಳಲ್ಲಿ ತೂರಲಿಲ್ಲ ಅಂತ ಅಂಚೆಯವರು ಇಲ್ಲಿಗೇ ತಂದಿದ್ದಾರೆ. ನಿಮಗೂ ಚೀಟಿ ಹಾಕಿದ್ವಲ್ಲ, ಎರಡು ಸಲ?"

ಹಿಂದಿನ ಕಪಾಟಿನಿಂದ ಅವಳು ಎರಡು ಲಕೋಟೆ ತಂದು ಇಟ್ಟಳು. ಕಾಗದದ ಮೇಲೂ ಎದ್ದು ಕಾಣುವ ಬಟ್ಟೆ ಪಟ್ಟಿಯ ಅಂಚು, ಬಿಗಿಯಾದ ಮೂಲೆ. ಮಾಡಿದ ಕೈ ಯಾವುದೆಂದು ಕೇಳುವ ಅಗತ್ಯವೇ ಇರಲಿಲ್ಲ. ಒಂದರ ಮೇಲೆ, ಅವನು ಮಾತಾಡದೆ ಯಾರಿಗೆ ಎರಡನೇ ಕಾರ್ಡು ಕಳಿಸಿದ್ದನೋ ಅವರ ವಿಳಾಸ. ಇನ್ನೊಂದರ ಮೇಲೆ ಹಸಿರು ಆಮೆಯದು. ಎರಡರ ಮೇಲೂ ನೀಲಿ ಮುದ್ರೆ: ದಂಡ ಬಾಕಿ, ಪಡೆಯಲಿಲ್ಲ.

ಚೀಟಿ ಬಂದಿರಲಿಲ್ಲ ಎಂದು ಹೇಳಲು ಬಾಯಿ ತೆರೆದವನಿಗೆ ತನ್ನ ಮೇಜು ನೆನಪಾಯಿತು. ಬಾಗಿಲ ಸೀಳಿನಲ್ಲಿ ಬಿದ್ದ ಜಾಹೀರಾತು, ಕರಪತ್ರ, ಎಲ್ಲವನ್ನೂ ಅವನು ನೋಡದೆ ಗೋಂದಿನ ಕುಂಚ ಒರೆಸಲು ಇಟ್ಟುಕೊಳ್ಳುತ್ತಿದ್ದ. ರದ್ದಿ ಎಂದರೆ ಅವನಿಗೆ ಒರೆಸುವ ಬಟ್ಟೆ.

ಕೌಂಟರಿನ ಹೆಂಗಸಿಗೆ ಅವನ ಮುಖ ಯಾಕೆ ಬಿಳಿಚಿತೆಂದು ತಿಳಿಯಲಿಲ್ಲ. ಆದರೂ ಒಳ್ಳೆಯ ಮನಸ್ಸಿನಿಂದ ತೋರಿಸಿಕೊಟ್ಟಳು. ಕಾರ್ಡಿಗೆ ತೆಳುವಾದ ಪ್ಲಾಸ್ಟಿಕ್ ಚೀಲ. ಎರಡು ಬದಿಗೂ ಬಿಸ್ಕತ್ತಿನ ಪೆಟ್ಟಿಗೆಯಂಥ ತೆಳು ರಟ್ಟು. ಕಾರ್ಡು ಒಳಗೆ ಓಡಾಡದಂತೆ ಒಂದೇ ತುಂಡು ಟೇಪು, ಬಿಚ್ಚುವವರಿಗೆ ಹಿಡಿಯಲು ಅದರ ತುದಿ ಮಡಚಿರಬೇಕು. ಇಷ್ಟಾದರೆ ಪತ್ರದ ಅಂಚೆಚೀಟಿ ಸಾಕು. ಡಬ್ಬಿಗೆ ಹಾಕದೆ ಕೌಂಟರಿಗೆ ತಂದರೆ ಕಳಿಸಿದ್ದಕ್ಕೆ ಮುದ್ರೆ ಹಾಕಿದ ಒಂದು ಸಣ್ಣ ಪ್ರಮಾಣಪತ್ರ ಸಿಗುತ್ತದೆ, ಅದಕ್ಕೆ ಬಿಡಿಗಾಸು. ತಲುಪಿದ್ದಕ್ಕಲ್ಲ, ಕಳಿಸಿದ್ದಕ್ಕೆ ಮಾತ್ರ ಪುರಾವೆ. ಒಬ್ಬರೇ ಏಳೆಂಟು ಕಾರ್ಡು ಕೊಂಡರೆ ಒಟ್ಟಿಗೆ ಪೊಟ್ಟಣದಲ್ಲಿ ಕಳಿಸುವುದು ಲಾಭ.

"ಅಷ್ಟು ಗಟ್ಟಿ ಯಾಕೆ ಮಾಡಿದ್ರಿ?" ಕೊನೆಗೆ ಕೇಳಿದಳು.

"ಹಾಳಾಗಬಾರದು ಅಂತ," ಅಂದ ಬೈಂಡರ್.

ಮನೆಗೆ ಬರುವ ದಾರಿಯಲ್ಲಿ ಅವನ ತಲೆ ಸುಲಭದ ಉಪಾಯವೊಂದನ್ನು ಹೊಲಿಯುತ್ತಿತ್ತು. ಮೊಸಳೆಯನ್ನು ಸರಿಯಾದ ಲಕೋಟೆಯಲ್ಲಿ ಸುಮ್ಮನೆ ಮತ್ತೆ ಕಳಿಸಿಬಿಡುವುದು. ಜೊತೆಗೆ ಒಂದು ಕಾರ್ಡು ಉಚಿತ. ಗುಂಪಿನವರು ನಾಳೆ ಬೇರೆ ಯಾರನ್ನೋ ಹಿಡಿದು ಜಗ್ಗುತ್ತಾರೆ, ಇದನ್ನು ಮರೆಯುತ್ತಾರೆ.

ಸಾಯಂಕಾಲ ಹೆಂಡತಿ ಚಪ್ಪಲಿ ಕಳಚುವ ಮೊದಲೇ ಅವನು ಎರಡು ಲಕೋಟೆಗಳನ್ನೂ ಅವಳ ಮುಂದಿಟ್ಟು ಎಲ್ಲ ಹೇಳಿದ. ಉಪಾಯವನ್ನೂ ಹೇಳಿದ. ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಗೋಂದಿನ ಬಟ್ಟಲ ಪಕ್ಕದ ಕಾಗದಗಳನ್ನು ಕೆದಕಿ, ಗೋಂದು ಗಟ್ಟಿಯಾಗಿ ಮೆತ್ತಿಕೊಂಡಿದ್ದ, ಅಂಚೆ ಕಚೇರಿಯ ಒಂದು ಸೂಚನೆ ಚೀಟಿಯನ್ನು ಎತ್ತಿ, ನಗು ತಡೆಯಲಾರದೆ ಕುರ್ಚಿಯ ಮೇಲೆ ಕೂತಳು.

"ಅಲ್ರೀ, ಪುರಾವೆ ಸಿಗಲ್ಲ ಅಂತ ಊರೆಲ್ಲ ಕೂಗಿದ್ರಿ. ಪುರಾವೇಲೇ ಕುಂಚ ಒರೆಸಿದ್ದೀರಲ್ಲ!"

ಅವನಿಗೂ ನಗು ಬಂತು, ಪೂರ್ತಿ ಬರಲಿಲ್ಲ.

"ನಮ್ಮ ಕೌಂಟರಲ್ಲಿ ಒಂದು ಪದ್ಧತಿ ಇದೆ," ಅಂದಳು ಅವಳು, ನಗು ಇಳಿದ ಮೇಲೆ. "ಕಂಡಕ್ಟರೇ ಕದ್ದ ಅಂತ ಒಬ್ಬರು ದೂರು ಬರೀತಾರೆ ಅನ್ನಿ. ಛತ್ರಿ ಸೀಟಿನ ಕೆಳಗೆ ಸಿಗುತ್ತೆ. ಛತ್ರಿ ಕೊಟ್ಟು ಕಳಿಸಿದ್ರೆ ಆಗಲ್ಲ. ದೂರು ಬರೆದ ಸಾಲಿನ ಪಕ್ಕದಲ್ಲೇ, ಅವರ ಕೈಯಲ್ಲೇ, 'ಸಿಕ್ಕಿತು' ಅಂತ ಬರೆಸ್ತೀವಿ. ಬೇರೆ ಪುಟದಲ್ಲಿ ಬರೀತೀನಿ ಅನ್ನೋರು ತುಂಬಾ ಜನ. ನಾವು ಒಪ್ಪಲ್ಲ."

"ಯಾಕೆ?"

"ದೂರು ಓದಿದೋರು ಆ ಪುಟಾನೇ ಓದಿರ್ತಾರೆ."

ಇಷ್ಟು ಹೇಳಿ ಅವಳು ಮುಖ ತೊಳೆಯಲು ಹೋದಳು.

ಬೈಂಡರ್ ದೀಪ ಹಚ್ಚಿ ಮೇಜಿಗೆ ಕೂತ. ನೀಲಿ ಮುದ್ರೆಯ ಲಕೋಟೆಯ ಫೋಟೊ ತೆಗೆದ. ಗೋಂದು ಮೆತ್ತಿದ ಸೂಚನೆ ಚೀಟಿಯ ಫೋಟೊ ಕೂಡ ತೆಗೆದ. ತಾನು 'ಎಚ್ಚರ' ಎಂದು ಬರೆದಿದ್ದ ಸಂದೇಶವನ್ನು ಹುಡುಕಿ, ಅದಕ್ಕೇ ಉತ್ತರವಾಗಿ ಬರೆದ.

"ಹಸಿರು ಆಮೆ ಹೇಳಿದ್ದು ನಿಜ. ಕಾರ್ಡು ಅವರಿಗೆ ತಲುಪಿರಲಿಲ್ಲ. ದಪ್ಪ ಲಕೋಟೆಗೆ ಪತ್ರದ ಅಂಚೆಚೀಟಿ ಹಚ್ಚಿದ್ದು ನಾನು. ಅವರ ಮೇಲೆ ದಂಡ ಬಿದ್ದದ್ದು ನನ್ನಿಂದ. ವಾಪಸ್ಸು ಬಂದ ಸೂಚನೆಯಲ್ಲಿ ಕುಂಚ ಒರೆಸಿದ್ದೂ ನಾನೇ. ನೋಡದೆ, ಕೇಳದೆ ಕಳ್ಳತನ ಹೊರಿಸಿದೆ. ತಪ್ಪಾಯಿತು. ಭಾನುವಾರದ ಕೂಟಕ್ಕೆ ಒಬ್ಬರು ಬರಬಾರದು ಎಂದಾದರೆ, ಅದು ನಾನು."

ಉತ್ತರಗಳು ಈ ಬಾರಿಯೂ ಸುರಿದವು. ಗೋಂದು ತನ್ನ ಕೈಗೇ ಅಂಟಿತು ಅಂದ ಒಬ್ಬ. ನಿನ್ನೆ ಆಮೆಯನ್ನು ಹೀಯಾಳಿಸಿದವರೇ ಇಂದು ಅವನನ್ನು ಹೀಯಾಳಿಸಿದರು. ಅವನು ಎಲ್ಲವನ್ನೂ ಓದಿದ. ಹಳೆಯ ಸಂದೇಶ ಅಳಿಸಿಬಿಡಲೇ ಎಂದು ಯಜಮಾನ ಕೇಳಿದ. ಎರಡೂ ಒಟ್ಟಿಗೆ ಇರಲಿ ಅಂದ ಬೈಂಡರ್. ಯಜಮಾನ ಕೂಟದ ಮಾತನ್ನು ಇಬ್ಬರ ಮಟ್ಟಿಗೂ ಹಿಂದಕ್ಕೆ ತೆಗೆದುಕೊಂಡ.

ಅದೇ ಬರಹವನ್ನು ಅವನು ಆಮೆಗೂ ಕಳಿಸಿದ್ದ. ಉತ್ತರ ಬಂದದ್ದು ಮರುದಿನ ಮಧ್ಯಾಹ್ನ.

"ಗೋಂದಣ್ಣ, ನಾನು ಆಸ್ಪತ್ರೇಲಿ ಲಿಫ್ಟ್ ನಡೆಸೋನು. ಕೆಲಸ ಬಿಡೋದು ಐದಕ್ಕೆ, ಅಂಚೆ ಕಚೇರಿ ಮುಚ್ಚೋದು ನಾಲ್ಕಕ್ಕೆ. ಚೀಟೀಲಿ ಯಾರು ಕಳಿಸಿದ್ದು ಅಂತ ಇರಲಿಲ್ಲ, ದಂಡ ಅಂತ ಮಾತ್ರ ಇತ್ತು. ಏನಪ್ಪಾ ತಪ್ಪು ಮಾಡಿದೆ ಅಂತ ಹೆದರಿ ಸುಮ್ನಾದೆ. ದಿನವೆಲ್ಲ ಮೇಲೆ ಕೆಳಗೆ ಓಡಾಡ್ತೀನಿ, ಮಾತಾಡೋಕೆ ಜನ ಇಲ್ಲ. ಗುಂಪೇ ನನ್ನ ಜನ ಅಂದ್ಕೊಂಡಿದ್ದೆ. ಅದು ಬಿಟ್ಟಿದ್ದೇ ಜಾಸ್ತಿ ಬೇಜಾರಾಯ್ತು. ಇರ್ಲಿ ಬಿಡಿ. ಮೊಸಳೆ ಹೇಗಿದೆ?"

"ಚೆನ್ನಾಗಿದೆ. ಒಂದು ಗೀರೂ ಇಲ್ಲ," ಎಂದು ಬರೆದ ಬೈಂಡರ್. ಬರೆದ ಮೇಲೆ, ಆ ಲಕೋಟೆಯ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು ಅದೊಂದೇ ಎಂದು ಅವನಿಗೆ ಅನಿಸಿತು.

ಅಂದು ಅವನು ಎರಡು ದಪ್ಪ ರಟ್ಟುಗಳನ್ನು ಐದು ಮಿಲಿಮೀಟರ್ ಅಂತರದಲ್ಲಿ ಜೋಡಿಸಿ, ತನ್ನದೇ ಒಂದು ಸೀಳು ಮಾಡಿಕೊಂಡ. ತೆಳು ರಟ್ಟಿನ ನಡುವೆ ಮೊಸಳೆಯನ್ನು ಮಲಗಿಸಿದ. ಲಕೋಟೆಯ ಎರಡು ತುದಿ ಹಿಡಿದು ಮೆಲ್ಲಗೆ ಬಾಗಿಸಿ ನೋಡಿದ. ಮೂವತ್ತು ವರ್ಷ ರಟ್ಟು ಬಾಗದಂತೆ ನೋಡಿಕೊಂಡ ಕೈಗೆ ಅದು ಒಗ್ಗಲು ಸ್ವಲ್ಪ ಹೊತ್ತು ಬೇಕಾಯಿತು. ಸೀಳಿನಲ್ಲಿ ಲಕೋಟೆ ಸರಕ್ಕನೆ ಜಾರಿ ಆಚೆ ಬಿತ್ತು.

"ಆನೆ ಬಂದ್ರೆ?" ಅಂದಳು ಹೆಂಡತಿ.

"ಬಂದ್ರೆ ಲಕೋಟೆ ಬಾಗಿ ದಾರಿ ಬಿಡುತ್ತೆ," ಅಂದ ಅವನು.

ಐದನೇ ದಿನ ಫೋಟೊ ಬಂತು: ಲಿಫ್ಟಿನ ಗುಂಡಿಗಳ ಹಲಗೆಗೆ, ನಾಲ್ಕನೇ ಮಹಡಿಯ ಗುಂಡಿಯ ಪಕ್ಕದಲ್ಲಿ, ಒರಗಿಸಿ ಇಟ್ಟ ಎರಡು ತಲೆ ಮೊಸಳೆ. ಗುಂಪಿನಲ್ಲಿ ಆಮೆಯನ್ನು ಮತ್ತೆ ಸೇರಿಸಿದ್ದರು. ಭಾನುವಾರದ ಕೂಟದಲ್ಲಿ ಬೈಂಡರ್ ಅವನನ್ನು ನೋಡಿದ. ನರೆತ ಮೀಸೆಯ, ಮೆಲುದನಿಯ ಮನುಷ್ಯ. ಬೈಂಡರ್ ಏನು ಹೇಳಬೇಕೆಂದು ತಡವರಿಸುತ್ತಿದ್ದಾಗ, ಅವನೇ ಕುರ್ಚಿ ಎಳೆದು "ಕೂತ್ಕೊಳಿ ಗೋಂದಣ್ಣ, ಅಂಟಬೇಡಿ ಅಷ್ಟೇ" ಅಂದ.

ತಿಂಗಳ ಮೇಲೆ ಒಂದು ಬೆಳಿಗ್ಗೆ ಹೊಸಬರೊಬ್ಬರ ಸಂದೇಶ ಬಂತು. ಕಾರ್ಡು ಕಳಿಸಿ ಹದಿನಾಲ್ಕು ದಿನವಾಯಿತು, ಇನ್ನೂ ಬಂದಿಲ್ಲ. ಕಳಿಸಿದ್ದಕ್ಕೆ ಮುದ್ರೆಯ ಪ್ರಮಾಣಪತ್ರ ಅವನ ಮೇಜಿನ ಮೇಲಿನ ಡಬ್ಬಿಯಲ್ಲೇ ಇತ್ತು, ತೋರಿಸಿ ಬಾಯಿ ಮುಚ್ಚಿಸಬಹುದಿತ್ತು. ಬೈಂಡರ್‌ನ ಹೆಬ್ಬೆರಳು ಫೋನಿನ ಮೇಲೆ ಒಂದು ಕ್ಷಣ ನಿಂತಿತು.

"ಮೊದಲು ನನ್ನ ಕಡೆ ನೋಡ್ತೀನಿ, ಸಾಯಂಕಾಲದೊಳಗೆ ಹೇಳ್ತೀನಿ," ಎಂದು ಬರೆದ. ಆಮೇಲೆ ಕುಂಚವನ್ನು ಬಟ್ಟಲಿನಲ್ಲಿ ಬಿಟ್ಟು, ಬಾಗಿಲ ಬಳಿ ಬಿದ್ದಿದ್ದ ಕಾಗದಗಳನ್ನು ತಂದು, ಒಂದೊಂದಾಗಿ, ಎರಡೂ ಬದಿ ತಿರುಗಿಸಿ ಓದತೊಡಗಿದ.