ಪಿಕಪ್ ಕೆಳಗೆ ನಲವತ್ತು ನಿಮಿಷ

ಮಧುಮತಿ ಜರ್ಮನಿಯ ಸಿಂಡೆಲ್‌ಫಿಂಗೆನ್ನಿನ ಒಂದು ಎಂಜಿನಿಯರಿಂಗ್ ಕಚೇರಿಯಲ್ಲಿ ಆರು ವರ್ಷದಿಂದ ಶಾಕ್ ಅಬ್ಸಾರ್ಬರುಗಳ ಲೆಕ್ಕ ಹಾಕುತ್ತಿದ್ದಳು. ಎಲ್ಲವೂ ಕಂಪ್ಯೂಟರಿನಲ್ಲೇ, ಒಂದನ್ನೂ ಕೈಯಾರೆ ಬಿಚ್ಚಿರಲಿಲ್ಲ. ಹಾಗಾಗಿ ತನ್ನ ಹಳೆಯ ಪಿಕಪ್ಪಿನ ಹಿಂದಿನ ಶಾಕ್‌ಗಳಿಂದ ಎಣ್ಣೆ ಸೋರತೊಡಗಿದಾಗ ವರ್ಕ್‌ಶಾಪಿಗೆ ಫೋನ್ ಮಾಡಲಿಲ್ಲ. ಹೊಸ ಜೋಡಿ ತರಿಸಿಕೊಂಡು ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಮನೆ ಮುಂದಿನ ಜಲ್ಲಿಯ ಮೇಲೆ ಗಾಡಿ ನಿಲ್ಲಿಸಿ ಕೆಲಸಕ್ಕಿಳಿದಳು.

ಗಂಡ ಶೈಲೇಶ ಕೆಲಸದ ಮೇಲೆ ಡ್ಯೂಸೆಲ್ಡಾರ್ಫಿನಲ್ಲಿದ್ದ. ಮನೆಯಲ್ಲಿದ್ದವರು ಅತ್ತೆ ಬಸಲಿಂಗವ್ವ ಮಾತ್ರ. ಗದಗಿನಲ್ಲಿ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದ ಹೆಂಗಸು. ಇಲ್ಲಿಗೆ ಬಂದು ಏಳು ವಾರವಾಗಿತ್ತು. ಬಂದ ಮೂರನೆಯ ದಿನ ಕಸದ ಚೀಲ ಇಡಲು ಹೊರಗೆ ಹೋದಾಗ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತ್ತು. ಇಲ್ಲಿಯ ಬಾಗಿಲುಗಳಿಗೆ ಹೊರಗಡೆ ತಿರುಗುವ ಹಿಡಿಕೆ ಇರುವುದಿಲ್ಲ. ಕೀಲಿಕೈ ಇಲ್ಲದವರು ಹೊರಗೇ. ಬರಿಗಾಲಲ್ಲಿ, ಚಳಿಯಲ್ಲಿ ಎರಡು ತಾಸು ನಿಂತಿದ್ದರು. ಆಮೇಲೆ ಒಬ್ಬರೇ ಹೊಸ್ತಿಲು ದಾಟಿರಲಿಲ್ಲ. ಊರಿಗೆ ಕಳಿಸಿ ಎಂದು ಎರಡು ಸಲ ಕೇಳಿದ್ದರು. ವಾಪಸು ಟಿಕೆಟ್ ಮಾರ್ಚ್ ಕೊನೆಯದು. “ನೋಡೂಣ್ರಿ ಅತ್ತಿ” ಎಂದು ಮಧುಮತಿ ಮಾತು ಮುಗಿಸಿದ್ದಳು.

ಜಾಕಿನಿಂದ ಗಾಡಿ ಎತ್ತಿ ಹಿಂದಿನ ಎಡಗಡೆಯ ಚಕ್ರ ಬಿಚ್ಚಿದಳು. ಜಾಕ್ ಜಾರಿದರೆ ಇರಲಿ ಎಂದು ಆ ಚಕ್ರವನ್ನು ಆಕ್ಸಲ್ ಕೆಳಗೆ ಮಲಗಿಸಿದಳು. ಗಾಡಿಗೆ ಆಸರೆಯಾಗಿ ಸ್ಟ್ಯಾಂಡ್ ಕೊಡಬೇಕಿತ್ತು. ಶಾಕಿನ ಒಂದು ಬೋಲ್ಟಿಗೇನು ಎಂದು ಬಿಟ್ಟಳು. ಆ ಬೋಲ್ಟು ತುಕ್ಕು ಹಿಡಿದು ಕೂತಿತ್ತು. ಅಂಗಾತ ಮಲಗಿ, ಎಡಗೈಯನ್ನು ಚಕ್ರದ ಮೇಲೆ ಊರಿ, ಬಲಗೈಯಿಂದ ಸ್ಪ್ಯಾನರ್ ಜಗ್ಗಿದಳು. ಗಾಡಿ ಅಲುಗಿತು. ಹಿಮ ಕರಗಿ ಸಡಿಲವಾಗಿದ್ದ ಜಲ್ಲಿಯಲ್ಲಿ ಜಾಕ್ ಓರೆಯಾಗಿ ಬಿದ್ದೇಬಿಟ್ಟಿತು.

ಚಕ್ರ ಜೀವ ಉಳಿಸಿತು. ಆದರೆ ಎಡಗೈ ಟೈರಿಗೂ ಆಕ್ಸಲಿಗೂ ನಡುವೆ ಸಿಕ್ಕಿಕೊಂಡಿತು. ಮುಖದ ಮೇಲೆ ಒಂದು ಗೇಣಿನ ಅಂತರದಲ್ಲಿ ಕೆಸರು ಮೆತ್ತಿದ ಕಬ್ಬಿಣ. ಮೊದಲು ಉರಿ, ಆಮೇಲೆ ಬೆರಳುಗಳು ತನ್ನವಲ್ಲ ಅನ್ನಿಸಿತು. ಫೋನು, ಕೀಲಿಕೈ ಎರಡೂ ಅಡುಗೆಮನೆಯ ಟೇಬಲ್ ಮೇಲಿದ್ದವು. ಕೂಗಿದಳು. ಎರಡು ಪದರದ ಗಾಜಿನ ಕಿಟಕಿಗಳ ಆಚೆ ಅತ್ತೆ ಮಲಗಿದ್ದರು.

ಸ್ಪ್ಯಾನರಿನಿಂದ ಗಾಡಿಗೆ ಬಡಿಯತೊಡಗಿದಳು. ಭಾನುವಾರ ಸದ್ದು ಮಾಡಿದರೆ ಈ ಬೀದಿಯಲ್ಲಿ ಯಾರಾದರೂ ಬೈಯಲು ಬಂದೇ ಬರುತ್ತಾರೆ, ಅದೇ ಆಸೆ. ಎದುರುಮನೆಯ ಮುದುಕ ಕಿಟಕಿ ತೆರೆದು, ಇವತ್ತು ಸೊನ್‌ಟಾಗ್, ಭಾನುವಾರ, ಎಂದು ಜರ್ಮನ್ನಿನಲ್ಲಿ ಗದರಿದ. ಕಾಪಾಡಿ ಅನ್ನಲು ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ ಕಿಟಕಿ ಮುಚ್ಚಿತು. ಬಡಿಯುತ್ತಲೇ ಇದ್ದಳು. ಇಪ್ಪತ್ತು ನಿಮಿಷವಾದರೂ ಆಗಿರಬೇಕು. ಕೊನೆಗೆ ತಮ್ಮ ಮನೆಯ ಬಾಗಿಲು ತೆರೆದ ಸದ್ದು ಕೇಳಿತು.

“ಮಧೂ, ಏನ ಅದು ಸಪ್ಪಳ?”

“ಅತ್ತಿ, ಕೈ ಸಿಕ್ಕೊಂಡೈತ್ರಿ. ಒಳಗಿನ ಫೋನ್ ತರ್ರಿ.”

ಅಷ್ಟರಲ್ಲೇ ಬಸಲಿಂಗವ್ವ ಓಡಿಬಂದಿದ್ದರು. ಹಿಂದೆ ಬಾಗಿಲು ಟಪ್ಪೆಂದಿತು.

“ಹೋತು,” ಎಂದರು ಬಸಲಿಂಗವ್ವ. ಜಲ್ಲಿಯ ಮೇಲೆ ಮಂಡಿಯೂರಿ ಬಗ್ಗಿ ನೋಡಿದರು. ಅಳಲಿಲ್ಲ. “ಎತ್ತೂದು ಹ್ಯಾಂಗ, ಹೇಳು.”

“ಸೀಟಿನ ಹಿಂದ ಇನ್ನೊಂದು ಸಣ್ಣ ಜಾಕ್ ಐತ್ರಿ. ತಿರುವೂದು.”

“ಬುಡಕ ಹಲಗಿ ಬೇಕು. ಇಲ್ಲಂದ್ರ ಇದೂ ಮುಗ್ಗರಸ್ತೈತಿ.” ಗಿರಣಿಯ ಎಂಜಿನ್ನನ್ನು ಎಷ್ಟೋ ಸಲ ಎತ್ತಿಸಿದವರು. ಬಾಗಿಲ ಹೊರಗಿದ್ದ ಚಪ್ಪಲಿ ಸ್ಟ್ಯಾಂಡಿನ ಹಲಗೆ ಕಿತ್ತು ತಂದು, ಜಾಕ್ ಕೂರಿಸಿ ತಿರುಗಿಸತೊಡಗಿದರು. ಗಾಡಿ ಕೂದಲೆಳೆಯಷ್ಟೂ ಏಳುತ್ತಿಲ್ಲ ಎನ್ನಿಸುತ್ತಿತ್ತು.

“ಮಾತಾಡ್ರಿ ಅತ್ತಿ, ಕಣ್ಣು ಮುಚ್ಚಾಕತ್ತಾವು.”

“ಏನ ಮಾತಾಡ್ಲಿ? ಏಳು ವಾರದಾಗ ಮಾತು ಮರತೀನಿ.” ಏದುಸಿರು ಬಿಡುತ್ತ ಇನ್ನೆರಡು ಸುತ್ತು ತಿರುಗಿಸಿದರು. “ಊರಿಗೆ ಕಳಸ್ತಿಯೇನ?”

“ಹೂಂನ್ರಿ.”

“ಈಗ ಅಂತೀ.”

“ಕಳಸ್ತೀನ್ರಿ ಅತ್ತಿ. ಖರೇನ.”

ಅದುಮಿಹೋಗಿದ್ದ ಟೈರು ಮೆಲ್ಲಗೆ ಉಬ್ಬಿತು. ಕೈ ಬಿಟ್ಟುಕೊಂಡಿತು, ಆದರೆ ಎತ್ತಲಾಗಲಿಲ್ಲ. ಬಸಲಿಂಗವ್ವ ಅವಳ ಎರಡೂ ಕಾಲು ಹಿಡಿದು ಹೊರಗೆಳೆದರು. ಆಮೇಲೆ ರಸ್ತೆ ದಾಟಿ, ಎದುರುಮನೆಯ ಬಾಗಿಲನ್ನು ಮುಷ್ಟಿಯಿಂದ ಗುದ್ದಿದರು. ಹೊರಬಂದ ಮುದುಕನ ತೋಳು ಹಿಡಿದು ಎಳೆದುಕೊಂಡೇ ಬಂದು ತೋರಿಸಿದರು. ಅವನ ಮುಖ ಬಿಳಿಚಿತು. ಆಂಬುಲೆನ್ಸಿಗೆ ಫೋನ್ ಮಾಡಿದ, ತನ್ನ ಕೋಟು ಬಿಚ್ಚಿ ಮಧುಮತಿಗೆ ಹೊದಿಸಿದ.

ಮುಂಗೈಯ ಎರಡೂ ಮೂಳೆ ಮುರಿದಿದ್ದವು. ಆಪರೇಷನ್ ಮಾಡಿ, ಭುಜದವರೆಗೆ ಪ್ಲಾಸ್ಟರ್ ಹಾಕಿದರು. ಮರುದಿನ ಆಸ್ಪತ್ರೆಗೆ ಬಂದ ಶೈಲೇಶ, “ಅವ್ವಾ, ಈಗಂತೂ ಹೋಗೂ ಮಾತು ಬ್ಯಾಡ. ಆಕಿಗೆ ಒಂದ ಕೈ. ಬೇಕಾದ್ರ ವೀಸಾ ಎಕ್ಸ್‌ಟೆಂಡ್ ಮಾಡ್ಸೂಣು” ಎಂದ.

ಬಸಲಿಂಗವ್ವ ಸೊಸೆಯ ಕಡೆ ನೋಡಲಿಲ್ಲ. ಸೆರಗಿನ ಅಂಚು ಸರಿಪಡಿಸುತ್ತ ಕೂತರು. ಮಧುಮತಿ ಸುಮ್ಮನಿದ್ದರೆ ಸಾಕಿತ್ತು, ಅತ್ತೆ ಉಳಿಯುತ್ತಿದ್ದರು. ಸ್ನಾನಕ್ಕೆ, ಅಡುಗೆಗೆ, ತಲೆ ಬಾಚಲು ಯಾರಾದರೂ ಬೇಕಿತ್ತು. ಅವಳು ತನ್ನ ಪ್ಲಾಸ್ಟರಿನ ಕಡೆ ನೋಡಿದಳು.

ಆಮೇಲೆ ಹೇಳಿದಳು, “ಟಿಕೆಟ್ ಡೇಟ್ ಚೇಂಜ್ ಮಾಡ್ರಿ. ಮುಂದಿನ ವಾರದ್ದು.”

“ಹುಚ್ಚು ಹಿಡದೈತೇನ ನಿನಗ?”

“ಮಾಡ್ರಿ.”

ಮುಂದಿನ ಶುಕ್ರವಾರ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಬಸಲಿಂಗವ್ವ ಪ್ಲಾಸ್ಟರಿನ ಮೇಲೆ ಅಂಗೈ ಇಟ್ಟರು. “ಐವತ್ತು ರೊಟ್ಟಿ ಬಡದಿಟ್ಟೀನಿ. ನೀರು ಚಿಮುಕಿಸಿ ತಿನ್ನು,” ಎಂದಷ್ಟೇ ಹೇಳಿ ಚೆಕಿಂಗ್ ಸಾಲಿಗೆ ಸೇರಿದರು. ಹಿಂತಿರುಗಿ ನೋಡಲಿಲ್ಲ. ಅವರು ಅಷ್ಟು ಬಿರುಸಾಗಿ ನಡೆದದ್ದನ್ನು ಮಧುಮತಿ ಈ ದೇಶದಲ್ಲಿ ನೋಡಿರಲಿಲ್ಲ.

ವಾಪಸು ಬರುವಾಗ ಶೈಲೇಶ ಗಾಡಿ ಓಡಿಸುತ್ತಿದ್ದ. ಬಾಡಿಗೆ ಕಾರು, ಹೀಟರ್ ಜೋರಾಗಿತ್ತು. ಮಧುಮತಿ ಬಲಗೈಯಿಂದ ಕಿಟಕಿಯ ಗಾಜು ಇಳಿಸಿದಳು. ಅತ್ತೆ ಎರಡು ತಾಸು ಹೊರಗೆ ನಿಂತಿದ್ದ ಆ ಚಳಿ ಮುಖಕ್ಕೆ ಹೊಡೆಯಿತು. ಮನೆ ಬರುವವರೆಗೂ ಅದನ್ನು ಏರಿಸಲಿಲ್ಲ.