ಮುಷ್ಟಿ ಮೇಸ್ತ್ರಿ ಮತ್ತು ಬೆಕ್ಕಿನ ಮರಳು

ಎದುರಿಗಿರುವ ಪುಡಿ ಯಾವುದೇ ಆಗಿರಲಿ, ಅದನ್ನು ಒಂದು ಹಿಡಿ ಎತ್ತಿಕೊಂಡು ಮುಷ್ಟಿಯಲ್ಲಿ ಹಿಸುಕದೆ ನನ್ನ ಸೋದರಮಾವ ಮುಂದೆ ಹೋದವರಲ್ಲ. ಅಡುಗೆಮನೆಯ ಹಿಟ್ಟು, ಹೂಕುಂಡದ ಮಣ್ಣು, ಕಟ್ಟುತ್ತಿರುವ ಮನೆಯ ಮುಂದೆ ಸುರಿದ ಮರಳು, ಕಾಫಿ ಅಂಗಡಿಯ ಮೇಜಿನ ಮೇಲಿನ ಸಕ್ಕರೆ, ಯಾವುದಕ್ಕೂ ಅವರ ಕೈಯಿಂದ ಬಿಡುಗಡೆಯಿಲ್ಲ. ಮೊದಲು ಮುಷ್ಟಿ ಬಿಗಿಯುತ್ತದೆ. ಆಮೇಲೆ ಬೆರಳುಗಳು ಆತುರವಿಲ್ಲದೆ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಅಂಗೈಯಲ್ಲಿ ಉಳಿದ ಉಂಡೆಯನ್ನು ಎರಡೂ ಹೆಬ್ಬೆರಳುಗಳಿಂದ ಮುರಿದು, ಮುರಿದ ಮೈಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣನ್ನು ಕಿರಿದು ಮಾಡಿಕೊಂಡು ಪರಿಶೀಲಿಸುತ್ತಾರೆ. ಆ ಹೊತ್ತಿಗೆ ಅವರ ಮುಖದಲ್ಲಿ ಮೂಡುವ ಗಾಂಭೀರ್ಯವನ್ನು ನಾನು ನ್ಯಾಯಾಧೀಶರ ಮುಖದಲ್ಲೂ ಕಂಡಿಲ್ಲ. "ಹೊರಗಡೆಯಿಂದ ಎಲ್ಲಾ ಚೆನ್ನಾಗೇ ಕಾಣುತ್ತೆ ಕಣೋ, ಮುರಿದು ನೋಡ್ಬೇಕು," ಎನ್ನುತ್ತಾರೆ. ಬೆನ್ನಿಗೇ "ಗೊತ್ತಾಯ್ತಾ?" ಎಂದು ಕೇಳುತ್ತಾರೆ, ನಾವು ತಲೆಯಾಡಿಸುವ ಮೊದಲೇ "ಗೊತ್ತಾಗಲ್ಲ ಬಿಡು" ಎಂದು ಉತ್ತರವನ್ನೂ ತಾವೇ ಕೊಟ್ಟುಬಿಡುತ್ತಾರೆ.

ಮಾವ ಎರಕದ ಕಾರ್ಖಾನೆಯಲ್ಲಿ ಮರಳು ಹದ ಮಾಡುವ ಮೇಸ್ತ್ರಿಯಾಗಿದ್ದವರು. ಕರಗಿದ ಕಬ್ಬಿಣವನ್ನು ಹೊಯ್ಯಲು ಅಚ್ಚು ಬೇಕು. ಆ ಅಚ್ಚನ್ನು ಮರಳಿನಿಂದಲೇ ಮಾಡಬೇಕು. ಮರಳಿಗೆ ಜೇಡಿಮಣ್ಣನ್ನೂ ನೀರನ್ನೂ ಬೆರೆಸಿ, ಪೆಟ್ಟಿಗೆಯಲ್ಲಿ ತುಂಬಿ, ದಮ್ಮಸ್ಸಿನಿಂದ ಬಡಿದು ಗಟ್ಟಿ ಮಾಡಿ, ಕರಣೆಯಿಂದ ಕನ್ನಡಿಯಂತೆ ನುಣುಪು ಮಾಡಬೇಕು. ನೀರು ಹೆಚ್ಚಾದರೆ ಕಾದ ಲೋಹ ಸಿಡಿದು ಮೈಮೇಲೆ ಬರುತ್ತದೆ, ಕಡಿಮೆಯಾದರೆ ಅಚ್ಚೇ ಕುಸಿದು ಕೂರುತ್ತದೆ. ಇವೆರಡರ ನಡುವಿನ ಸೂಕ್ಷ್ಮವಾದ ಹದವನ್ನು ತಮ್ಮ ಮುಷ್ಟಿಯಿಂದಲೇ ಅಳೆಯುತ್ತಿದ್ದುದರಿಂದ ಅವರಿಗೆ ಮುಷ್ಟಿ ಮೇಸ್ತ್ರಿ ಎಂಬ ಅಡ್ಡಹೆಸರು ಬಂತು. ವಿನಯ ಎಂಬುದು ಅವರ ಹತ್ತಿರ ಸುಳಿದದ್ದೇ ಇಲ್ಲ. "ಕಾರ್ಖಾನೆಗೆ ಅಳತೆ ಯಂತ್ರ ತಂದ್ರು. ಯಂತ್ರ ಸರಿಯಾಗಿದೆಯೋ ಇಲ್ವೋ ಅಂತ ನೋಡೋಕೆ ನನ್ನನ್ನೇ ಕರೆದ್ರು," ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತರಿಗೂ ಹೇಳಿಕೊಳ್ಳುವವರು. ಕುಲುಮೆಯ ಗದ್ದಲದಲ್ಲಿ ಪಳಗಿದ ಕಂಠವಾದ್ದರಿಂದ ಗುಟ್ಟು ಹೇಳಿದರೂ ಬೀದಿಗೆ ಕೇಳುತ್ತದೆ. ನಡಿಗೆಯೋ, ನೆಲದ ತುಂಬ ಹಸಿ ಅಚ್ಚುಗಳನ್ನು ಸಾಲಾಗಿ ಇಟ್ಟಿದ್ದಾರೇನೋ ಎಂಬಂತೆ ಪಾದವನ್ನು ಹುಡುಕಿ ಹುಡುಕಿ ಇಡುವ ನಡಿಗೆ. ಬಟಾಬಯಲಿನಲ್ಲೂ ಹಾಗೆಯೇ ನಡೆಯುತ್ತಾರೆ.

ಅವರ ಕೋಟಿನ ವಿಷಯ ಹೇಳದಿದ್ದರೆ ಈ ಚಿತ್ರ ಅಪೂರ್ಣ. ಮೊಣಕಾಲಿನವರೆಗೆ ಇಳಿಯುವ, ಬಣ್ಣ ಇಂಥದೇ ಎಂದು ಹೇಳಲಾಗದ ಆ ಕಾರ್ಖಾನೆಯ ಕೋಟನ್ನು ಅವರು ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ಯಾರ ಮನೆಗೇ ಹೋಗಲಿ, ಹೊಸ್ತಿಲಾಚೆ ನಿಂತು, ತೋಳನ್ನೂ ಎದೆಯನ್ನೂ ಅಂಚನ್ನೂ ಪಟಪಟನೆ ಬಡಿದು ಕೊಡವಿಕೊಳ್ಳದೆ ಒಳಗೆ ಕಾಲಿಡುವುದಿಲ್ಲ. ಆ ಕೋಟಿನಲ್ಲಿ ಈಗ ಕೊಡವುವಂಥದ್ದು ಏನೂ ಉಳಿದಿಲ್ಲ. ಒಮ್ಮೆ ನಾನು ನಗುತ್ತ, "ಮಾವ, ಯಾಕೆ ಅದನ್ನ ಹೊಡೆದು ಹೊಡೆದು ಸಾಯಿಸ್ತೀರಿ?" ಎಂದು ಕೇಳಿದಾಗ, ಆ ದೊಡ್ಡ ಗಂಟಲು ಮೊದಲ ಸಲ ತಗ್ಗಿತು. "ಕೆಲಸಕ್ಕೆ ಹೋಗ್ತಿದ್ದಾಗ ಇದನ್ನ ಹಾಗೇ ಹಾಕ್ಕೊಂಡು ಒಳಗೆ ಬರ್ತಿದ್ದೆ ಕಣೋ. ನಿಮ್ಮತ್ತೆ ದಿನಾ ಸಾಯಂಕಾಲ ಕಿಟಕಿ ಹತ್ರ ನಿಂತು ಕೊಡವೋಳು. ಅವಳ ಎದೇಲಿ ಈಗ ಗೊರಗೊರ ಅಂತಿದೆಯಲ್ಲ, ಅದು ನನ್ನ ಕಾರ್ಖಾನೆ." ವೈದ್ಯರು ಯಾರೂ ಹಾಗೆಂದು ಹೇಳಿರಲಿಲ್ಲ, ಅತ್ತೆಯ ತಾಯಿಗೂ ಉಬ್ಬಸವಿತ್ತು. ಆದರೆ ಮಾವ ಮುರಿದು ನೋಡಿ ತೀರ್ಮಾನಿಸಿದ್ದನ್ನು ತಿದ್ದಿದವರಿಲ್ಲ.

ಅವರ ಮನೆಗೆ ಬೆಕ್ಕು ಬಂದದ್ದು ಕೆಳಗಿನ ಮಹಡಿಯ ಟೈಲರಮ್ಮ ಬೇರೆ ಊರಿಗೆ ಹೊರಟಾಗ. ಬೂದಿ ಬಣ್ಣದ, ಅರ್ಧ ಕಿವಿ ಹರಿದ, ಯಾರ ಮುಖವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಬೆಕ್ಕು ಅದು. ಅತ್ತೆ ಅದನ್ನು ಮಗಳಂತೆ ಹಚ್ಚಿಕೊಂಡರು. ಉಸಿರು ಕಟ್ಟಿ ದಿಂಬಿಗೊರಗಿ ಕೂತಿದ್ದಾಗ ಅದು ಬಂದು ಅವರ ತೊಡೆಯ ಮೇಲೆ ಗುರುಗುರು ಎನ್ನುತ್ತ ಮಲಗುತ್ತಿತ್ತು. ಆ ಗುರುಗುರುವಿನ ಲಯಕ್ಕೆ ತಮ್ಮ ಉಸಿರನ್ನು ಹೊಂದಿಸಿಕೊಂಡರೆ ಎದೆ ಹಗುರಾಗುತ್ತದೆ ಎಂದು ಅತ್ತೆ ಹೇಳುತ್ತಿದ್ದರು. ಮಾವ ಮಾತ್ರ ಮೂಗು ಮುರಿದು, ಅದಕ್ಕೆ ಯಜಮಾನಿ ಎಂದು ಹೆಸರಿಟ್ಟು, "ಮನೇಲಿ ಒಬ್ಬಳು ಇದ್ದದ್ದು ಸಾಲದು ಅಂತ ಇನ್ನೊಬ್ಬಳು," ಎಂದು ಗೊಣಗುತ್ತಿದ್ದರು.

ಮೂರನೆಯ ಮಹಡಿ, ಕೆಳಗೆ ಬಿಡುವಿಲ್ಲದೆ ಲಾರಿಗಳು ಓಡುವ ರಸ್ತೆ. ಬೆಕ್ಕನ್ನು ಹೊರಗೆ ಬಿಡುವ ಹಾಗಿಲ್ಲ. ಬಚ್ಚಲುಮನೆಯಲ್ಲಿ ಒಂದು ಟ್ರೇ ಇಟ್ಟು, ಅದರ ಮಲಮೂತ್ರಕ್ಕೆಂದು ಅಂಗಡಿಯವನು ಕೊಟ್ಟ ಲಿಟರ್ ಎಂಬ ಮಣ್ಣನ್ನು ಸುರಿದರು. ಅದು ಬರೀ ಧೂಳು. ಯಜಮಾನಿ ಒಮ್ಮೆ ಕೆದಕಿದಳೆಂದರೆ ಬಿಳಿಯ ಹೊಗೆ ಎದ್ದು ನಡುಮನೆಯವರೆಗೆ ಬರುತ್ತಿತ್ತು. ಅತ್ತೆಯ ಉಬ್ಬಸ ಏರಿತು; ಎರಡು ಸಲ ಆಸ್ಪತ್ರೆ ಸೇರಿದರು. ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು: "ಧೂಳು ಹೋಗ್ಬೇಕು, ಇಲ್ಲಾಂದ್ರೆ ಬೆಕ್ಕು ಹೋಗ್ಬೇಕು. ಅಲ್ಲಿವರೆಗೂ ಇವರು ಆ ಬಚ್ಚಲ ಕಡೆ ಸುಳೀಬಾರದು." ಬೇರೆ ಮನೆ ಮಾಡಿಕೊಂಡಿದ್ದ ಅವರ ಮಗಳು ಫೋನಿನಲ್ಲಿ, ಭಾನುವಾರ ಬುಟ್ಟಿ ತಂದು ಬೆಕ್ಕನ್ನು ತಮ್ಮ ಮನೆಗೆ ಒಯ್ಯುತ್ತೇನೆಂದಳು. ಬೆಕ್ಕಿನ ಬೆನ್ನ ಮೇಲೆ ಆಡುತ್ತಿದ್ದ ಅತ್ತೆಯ ಕೈ ನಿಂತುಹೋಯಿತು. ಮಾವ ಅದನ್ನು ನೋಡಿದರು. "ಧೂಳು ಹೋಗುತ್ತೆ," ಎಂದು ಎದ್ದು ಕೋಟು ಹಾಕಿಕೊಂಡು ಹೊರಟೇಬಿಟ್ಟರು.

ಆ ವಾರ ನಾನು ಹೋದಾಗ ಅವರ ಮನೆಯ ತಾರಸಿ ಪ್ರಯೋಗಶಾಲೆಯಾಗಿತ್ತು. ಊರಿನ ಅಂಗಡಿಗಳಲ್ಲಿ ಸಿಕ್ಕ ಲಿಟರುಗಳೆಲ್ಲ ತಟ್ಟೆಗಳಲ್ಲಿ ಸಾಲಾಗಿ ಕೂತಿದ್ದವು: ಜೇಡಿಯವು, ಗಾಜಿನ ಹರಳಿನಂಥವು, ಮರದ ಹೊಟ್ಟನ್ನು ಒತ್ತಿದ ಗುಳಿಗೆಗಳು, ಹಳೇ ಕಾಗದದ ಉಂಡೆಗಳು. ಮಾವ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಂದೊಂದನ್ನೂ ತಲೆಯೆತ್ತರದಿಂದ ಕಪ್ಪು ಬಟ್ಟೆಯ ಮೇಲೆ ಸುರಿಯುವುದು, ಬಿಸಿಲಿಗೆ ಅಡ್ಡಲಾಗಿ ಬಗ್ಗಿ ಎದ್ದ ಧೂಳನ್ನು ನೋಡುವುದು, ಒಂದು ಚಮಚ ನೀರು ಬಿಟ್ಟು ಗಟ್ಟಿಯಾದ ಉಂಡೆಯನ್ನು ಮುರಿಯುವುದು. ಮರದ ಗುಳಿಗೆ ಒದ್ದೆಯಾದೊಡನೆ ಹಿಟ್ಟಾಯಿತು; ಹಿಟ್ಟು ಒಣಗಿದರೆ ಮತ್ತೆ ಧೂಳೇ ಎಂದು ಅದನ್ನು ಆಚೆ ತಳ್ಳಿದರು. ಕಾಗದದ್ದು ಒಳ್ಳೆಯ ಜಾತಿಯಂತೆ, ಆದರೆ ವಾಸನೆ ಹಿಡಿದಿಡುವ ತಾಕತ್ತಿಲ್ಲವಂತೆ. ಹರಳಿನ ಮೇಲೆ ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ನಿಂತು, ಮುಖ ಕಿವುಚಿ, "ಇದರ ಮೇಲೆ ಅವಳು ಕಾಲಿಡಲ್ಲ" ಎಂದರು. ಮಲ್ಲಿಗೆಯ ಸೆಂಟು ಬೆರೆಸಿದ್ದನ್ನು ಮೂಸಿ ನೋಡಿ ಕೆರಳಿದರು. "ಅತ್ತರು ಪೂಸ್ಕೊಂಡು ಬಂದಿದೆ ಅಂದ್ರೆ ಒಳಗೇನೋ ಮುಚ್ಚಿಡ್ತಿದೆ ಅಂತ. ಯಜಮಾನಿ ಮೂಗು ನನ್ನ ಮೂಗಿಗಿಂತ ಚುರುಕು."

ನಾನು ಬೆರಗಾದದ್ದು ಅವರ ಕೊನೆಯ ಪರೀಕ್ಷೆಗೆ. ಅಂಗೈಯನ್ನು ಒದ್ದೆ ಮಾಡಿ, ಜೇಡಿಯ ಮರಳಿನ ಮೇಲೆ ಬೆಕ್ಕು ಹೆಜ್ಜೆಯಿಡುವಷ್ಟು ಮೃದುವಾಗಿ ಒತ್ತಿ, ಎತ್ತಿ, ಅಂಟಿದ ಕಾಳುಗಳನ್ನು ದಿಟ್ಟಿಸಿದರು. "ಬೆಕ್ಕು ಕಾಲು ನೆಕ್ಕುತ್ತೆ ನೋಡು. ಕಾಲಿಗೆ ಅಂಟಿದ್ದು ಹೊಟ್ಟೆಗೆ ಹೋಗುತ್ತೆ. ಹೊಟ್ಟೇಲಿ ಇದು ಉಂಡೆ ಕಟ್ಟಿದ್ರೆ ಗತಿಯೇನು? ಗೊತ್ತಾಯ್ತಾ?" ಈ ಸಲ ನನಗೆ ನಿಜವಾಗಿ ಗೊತ್ತಾಗಿತ್ತು; ಆದರೂ "ಗೊತ್ತಾಗಲ್ಲ ಬಿಡು" ಎಂದೇ ಅಂದರು. ಯಾರನ್ನು ಕಂಡರೆ ಆಗುವುದಿಲ್ಲವೆಂದು ಊರಿಗೆಲ್ಲ ಸಾರಿಕೊಂಡಿದ್ದರೋ ಆ ಪ್ರಾಣಿಯ ಪಾದ, ಮೂಗು, ನಾಲಿಗೆ, ಕರುಳನ್ನೆಲ್ಲ ಈ ಒರಟು ಮನುಷ್ಯ ತಮ್ಮ ಮೈಯಲ್ಲಿ ಆವಾಹಿಸಿಕೊಂಡು ಕೂತಿದ್ದರು. ಕೊನೆಗೆ ಗೆದ್ದದ್ದು ಸಾಸಿವೆ ಗಾತ್ರದ, ವಾಸನೆಯಿಲ್ಲದ, ಒದ್ದೆ ಅಂಗೈಗೆ ಅಂಟದ, ನೀರು ಬಿದ್ದ ಕಡೆ ಮಾತ್ರ ಗಟ್ಟಿಯಾಗಿ, ಉಳಿದ ಕಡೆ ಹರಳು ಹರಳಾಗಿ ಉಳಿಯುವ ಒಂದು ಜೇಡಿ. ಅದನ್ನೂ ಅವರು ನಂಬಲಿಲ್ಲ. ಗಾಳಿಗೆ ಬೆನ್ನು ಕೊಟ್ಟು, ಹಳೇ ಹಿತ್ತಾಳೆ ಜರಡಿಯಲ್ಲಿ ಅದರ ಕೊನೆಯ ಧೂಳಿನ ಕಣವನ್ನೂ ಹಾರಿಸಿ, ಕೋಟು ಕೊಡವಿ ಕೆಳಗಿಳಿದರು.

ಯಜಮಾನಿ ಅದರ ಹತ್ತಿರವೂ ಸುಳಿಯಲಿಲ್ಲ. ಟ್ರೇಯ ಅಂಚಿಗೆ ಬರುತ್ತಾಳೆ, ಮುಂಗಾಲು ಚಾಚಿ ಒಮ್ಮೆ ಮುಟ್ಟುತ್ತಾಳೆ, ಕಾಲು ಝಾಡಿಸಿ, ಬಾಲ ನೆಟ್ಟಗೆ ಮಾಡಿಕೊಂಡು ಹೊರಟುಹೋಗುತ್ತಾಳೆ. ಹೋಗಿ, ಮಾವ ಕೋಟು ಕೊಡವುವ ಹೊಸ್ತಿಲ ಬಳಿಯ ಕಾಲೊರಸಿನ ಮೇಲೆ ತನ್ನ ಕೆಲಸ ಮುಗಿಸುತ್ತಾಳೆ. ಅವಮಾನವೆಂದರೆ ಇದು. ಮಾವನಿಗೆ ಊಟ ಸೇರದಾಯಿತು. ಪಶುವೈದ್ಯೆ ಬಂದು ಬೆಕ್ಕಿನ ಹೊಟ್ಟೆ ಒತ್ತಿ ನೋಡಿ, ಮರಳನ್ನೂ ನೋಡಿ, "ಬೆಕ್ಕು ಚೆನ್ನಾಗಿದೆ, ಮರಳೂ ಚೆನ್ನಾಗಿದೆ ಸಾರ್. ಇನ್ನೇನೋ ಅದಕ್ಕೆ ಹಿಡಿಸ್ತಿಲ್ಲ," ಎಂದು ಟ್ರೇಯನ್ನು ಮೂಲೆಯಿಂದ ಕಿಟಕಿಯ ಕೆಳಗೆ ಇಡಿಸಿ ಹೋದರು. ಅದರಿಂದಲೂ ಏನೂ ಆಗಲಿಲ್ಲ. ಬೆಳಗಾದರೆ ಮಾವ ಬಚ್ಚಲುಮನೆಯ ಬಾಗಿಲು ಮುಚ್ಚಿಕೊಂಡು ಮರಳು ಬದಲಾಯಿಸುವ ಶಬ್ದ, ಆಮೇಲೆ ಕಾಲೊರಸು ತೊಳೆಯುವ ಶಬ್ದ.

ಭಾನುವಾರ ಮಗಳು ಬುಟ್ಟಿಯೊಂದಿಗೆ ಬಂದಳು. ನಾನೂ ಅಲ್ಲಿದ್ದೆ. "ಅಪ್ಪಾ, ಆದಷ್ಟು ಮಾಡಿದ್ರಿ. ಅಮ್ಮನ ಉಸಿರು ಮುಖ್ಯ ಅಲ್ವಾ?" ಎಂದಳು. ಮಾವ ತೊಳೆದ ಕಾಲೊರಸನ್ನು ಹಿಂಡುತ್ತ ನಿಂತರು. ಆಗ ಅತ್ತೆ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು ಮೆಲ್ಲಗೆ ಎದ್ದರು. "ಬೇಡ ಕಣೇ, ಆ ಕಡೆ ಹೋಗ್ಬೇಡ," ಎಂದು ಮಾವ ಹಿಂದೆಯೇ ಓಡಿದರು. "ನನ್ನ ಬೆಕ್ಕನ್ನ ಕಳಿಸೋ ಮುಂಚೆ ಅದ್ಯಾವ ಮರಳು ಅಂತ ನಾನೂ ನೋಡ್ಬೇಡ್ವಾ?" ಎಂದು ಅತ್ತೆ ಬಚ್ಚಲುಮನೆಯ ಬಾಗಿಲು ತಳ್ಳಿದರು.

ಟ್ರೇಯ ತುಂಬ ಮರಳು ಕನ್ನಡಿಯಂತೆ ಕೂತಿತ್ತು. ನಾಲ್ಕೂ ಮೂಲೆ ಬಿಗಿ, ಅಂಚಿನಲ್ಲಿ ಕೂದಲೆಳೆಯಷ್ಟೂ ಏರಿಳಿತವಿಲ್ಲ. ಪಕ್ಕದಲ್ಲಿ ಒಂದು ಮರದ ತುಂಡು, ಒಂದು ಕರಣೆ. ಪಶುವೈದ್ಯೆಯೂ ಸೇರಿದಂತೆ ನಾವೆಲ್ಲ ಆ ನುಣುಪನ್ನು ಕಂಡು ಎಷ್ಟು ಅಚ್ಚುಕಟ್ಟೆಂದು ಮೆಚ್ಚಿಕೊಂಡಿದ್ದೆವು. ಅತ್ತೆ ಒಂದು ಕ್ಷಣ ನೋಡಿ, ಕರ್ಚೀಫಿನೊಳಗೇ ನಗತೊಡಗಿದರು. ನಕ್ಕು ನಕ್ಕು ಗೋಡೆ ಹಿಡಿದುಕೊಂಡರು.

"ಅಯ್ಯೋ, ಇದಕ್ಕೂ ದಮ್ಮಸ್ಸು ಹೊಡೆದಿದೀರಲ್ಲ ರೀ! ಅಚ್ಚು ಮಾಡಿಟ್ಟಿದೀರಿ. ಅವಳು ಕೆದಕೋದು ಎಲ್ಲಿ? ಕಬ್ಬಿಣ ಹೊಯ್ಯಕ್ಕಾ ಬರ್ತಾಳೆ ಅವಳು?"

ಹೇಳುತ್ತಲೇ ಬಗ್ಗಿ, ಐದೂ ಬೆರಳು ಊರಿ ಆ ನುಣುಪನ್ನು ಆಳದವರೆಗೆ ಕೆದರಿಬಿಟ್ಟರು. "ಏ! ಏ!" ಎಂದು ಮಾವ ಚೀರಿದ ಚೀರಿಗೆ ಕೆಳಗಿನ ಮಹಡಿಯ ಬಾಗಿಲು ತೆರೆಯಿತು. ಸಿದ್ಧವಾದ ಅಚ್ಚಿಗೆ ಯಾರೋ ಕೈಯಿಟ್ಟಂತೆ ಅವರಿಗೆ ಅನ್ನಿಸಿರಬೇಕು. ಆಮೇಲೆ ಅವರು ತಮ್ಮ ಬಲಗೈಯನ್ನೇ ತಿರುವಿ ತಿರುವಿ ನೋಡಿಕೊಂಡರು. ಆ ಕೈ ತಾನು ಮಾಡುತ್ತಿದ್ದುದನ್ನು ಅವರಿಗೂ ತಿಳಿಸಿರಲಿಲ್ಲ.

ಯಜಮಾನಿ ಬಂದಳು. ಅಂಚಿನಲ್ಲಿ ನಿಂತಳು, ಮುಂಗಾಲಿಟ್ಟಳು, ಪಾದ ಹೂತಿತು. ಒಳಗಿಳಿದು ಕೆದಕಿದಳು, ಕೂತಳು, ಯಾರ ಹಂಗೂ ಇಲ್ಲದವಳಂತೆ ಮುಚ್ಚಿದಳು. ಕಿಟಕಿಯಿಂದ ಇಳಿದ ಬಿಸಿಲಿನ ಕೋಲು ನೇರ ಟ್ರೇಯ ಮೇಲೇ ಬಿದ್ದಿತ್ತು. ನಾವು ಮೂವರೂ ಬೆಕ್ಕನ್ನು ನೋಡುತ್ತಿದ್ದೆವು. ಮಾವ ಮಾತ್ರ ಆ ಬಿಸಿಲನ್ನು ನೋಡುತ್ತಿದ್ದರು. ಬೆಕ್ಕು ನಾಲ್ಕೂ ಕಾಲಲ್ಲಿ ಮರಳನ್ನು ಚಿಮ್ಮುತ್ತಿದ್ದರೂ ಬಿಸಿಲಿನಲ್ಲಿ ಒಂದು ಕಣವೂ ಮೇಲೇಳಲಿಲ್ಲ. ಅತ್ತೆ ಮೂಗಿನಿಂದ ಕರ್ಚೀಫು ತೆಗೆದು, ಅಲ್ಲೇ ನಿಂತು, ಒಂದು ದೀರ್ಘವಾದ ಉಸಿರನ್ನು ಒಳಕ್ಕೆಳೆದುಕೊಂಡರು. ಕೆಮ್ಮು ಬರಲಿಲ್ಲ. ಮಗಳು ತಂದ ಬುಟ್ಟಿ ಖಾಲಿಯಾಗಿ ಅಲ್ಲೇ ಉಳಿಯಿತು. ಯಜಮಾನಿ ಮಧ್ಯಾಹ್ನ ಅದರಲ್ಲಿ ಮಲಗುತ್ತಾಳೆ.

ಈಗಲೂ ಮಾವ ಪ್ರತಿದಿನ ಬೆಳಿಗ್ಗೆ ಟ್ರೇಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ಮರಳು ಸುರಿದೊಡನೆ ಅವರ ಅಂಗೈ ತಾನಾಗಿ ಅದನ್ನು ಒತ್ತಲು ಇಳಿಯುತ್ತದೆ. ನಡುವೆಯೇ ತಡೆದು, ಕೈಯನ್ನು ಗದರಿಸುವಂತೆ ನೋಡಿ, ಬೆರಳು ಬಿಡಿಸಿ ಮರಳನ್ನು ಕೆದರುತ್ತಾರೆ. ಕೋಟು ಕೊಡವುವುದನ್ನು ಬಿಟ್ಟಿಲ್ಲ. "ಬನ್ನಿ ಒಳಗೆ, ನಿಮ್ಮಲ್ಲಿ ಏನೂ ಧೂಳಿಲ್ಲ," ಎಂದು ಅತ್ತೆ ಒಳಗಿನಿಂದ ಕೂಗುತ್ತಾರೆ. ಅವರು ಇನ್ನೊಮ್ಮೆ ಕೊಡವಿಕೊಂಡೇ ಬರುತ್ತಾರೆ.

ಅಚ್ಚು ಮಾಡುವವರ ಜಾತಿಯೇ ಬೇರೆ. ಅವರು ಅಷ್ಟು ಶ್ರದ್ಧೆಯಿಂದ ಕಟ್ಟಿದ್ದು ಒಡೆದುಹಾಕುವುದಕ್ಕಾಗಿಯೇ ಇರುತ್ತದೆ. ಎರಕ ಹೊರಬಂದು ಲೋಕದ ಸೇತುವೆಗೂ ಯಂತ್ರಕ್ಕೂ ಹೋಗುತ್ತದೆ, ಮರಳು ಮರಳಾಗಿ ಉಳಿಯುತ್ತದೆ, ಅದನ್ನು ಹಿಡಿದಿಟ್ಟ ಕೈಯನ್ನು ಯಾರೂ ಕೇಳುವುದಿಲ್ಲ. ಇಂಥವರ ಪ್ರೀತಿಯನ್ನು ಅವರ ಮಾತಿನಲ್ಲಿ ಹುಡುಕಿದರೆ ಜಂಬವೊಂದೇ ಸಿಕ್ಕೀತು. ಜೀವಮಾನವಿಡೀ ಗಟ್ಟಿ ಮಾಡುವುದನ್ನೇ ಕಲಿತ ಕೈ, ಮನೆಯಲ್ಲೊಬ್ಬಳು ನೆಮ್ಮದಿಯಾಗಿ ಉಸಿರಾಡಲೆಂದು, ಮುಪ್ಪಿನಲ್ಲಿ ಸಡಿಲ ಬಿಡುವುದನ್ನು ದಿನವೂ ಹೊಸದಾಗಿ ಕಲಿಯುತ್ತದಲ್ಲ, ಹುಡುಕುವುದಾದರೆ ಅಲ್ಲಿ ಹುಡುಕಬೇಕು.