ಗುಂಡಿಯ ದೃಶ್ಯ

ನನ್ನ ತಮ್ಮ ಆ ಕಾದಂಬರಿಯನ್ನು ಓದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಮೇಲೆ ಗೂಬೆ ಕೂರಿಸಬಾರದು.

ಎಂಬತ್ತು ವರ್ಷದ ಹಿಂದಿನ ಪುಸ್ತಕ. ಹೊಗಳುವವರು ಊರೆಲ್ಲ, ಓದಿದವರು ನಾಲ್ಕೇ ಜನ. ಅದನ್ನು ಕೊಲೆಯ ಸಿನಿಮಾ ಮಾಡುತ್ತೇನೆಂದು ತಮ್ಮ ನನ್ನ ಟೈಲರ್ ಅಂಗಡಿಗೆ ಬಂದು ಕುಳಿತ. "ನಾನು ಎರಡು ಸಲ ಓದಿದೀನಿ ಅಕ್ಕ. ನೀನು ಸೀನ್ ಸೀನಾಗಿ ಬರ್ಕೊಡು. ತೆರೆ ಮೇಲೆ 'ಚಿತ್ರಕಥೆ' ಅಂತ ನಿನ್ನ ಹೆಸರೇ ಬರೋದು" ಎಂದ. ನಾನು ಕರಗಿಹೋದೆ. ನಲವತ್ತೆರಡು ವರ್ಷವಾದರೂ ನನ್ನ ಹೆಸರು ನನ್ನ ಅಂಗಡಿಯ ಬೋರ್ಡಿನ ಮೇಲೂ ಇಲ್ಲ. ಅಲ್ಲಿ ಇವತ್ತಿಗೂ ಅಪ್ಪನ ಹೆಸರೇ ಇದೆ.

ಅಳತೆ ಕತ್ತರಿಸುವ ಕಂದು ಕಾಗದದ ಮೇಲೆ ನಾಲ್ಕು ತಿಂಗಳು ಬರೆದೆ. ಗ್ರಂಥಾಲಯದ ಪ್ರತಿಯಲ್ಲಿ ಒಂದು ಹಾಳೆಯನ್ನು ಯಾವನೋ ಪುಣ್ಯಾತ್ಮ ಹರಿದುಕೊಂಡು ಹೋಗಿದ್ದ. ಅದೂ ಕೊಲೆಗಾರ ಸಿಕ್ಕಿಬೀಳುವ ಹಾಳೆ! ಹರಿದಲ್ಲಿ ತೇಪೆ ಹಾಕುವುದು ನನಗೇನು ಹೊಸದೇ? ಹೀಗೆ ಬರೆದೆ: ಸತ್ತವನ ಹೆಂಡತಿ ಗಂಡನ ಕೋಟು ಮಡಚುತ್ತಾಳೆ. ಮೂರು ಗುಂಡಿಗೆ ದಾರ ಎರಡು ನೇರ ಗೆರೆಯಾಗಿ ಕೂತಿದೆ, ನಾಲ್ಕನೆಯದಕ್ಕೆ ಅಡ್ಡಡ್ಡ, ಗುಣಾಕಾರದ ಗುರುತಿನ ಹಾಗೆ. ಕೈಕೈ ಮಿಲಾಯಿಸಿದಾಗ ಕಿತ್ತುಬಂದ ಗುಂಡಿಯನ್ನು ಯಾರೋ ಮತ್ತೆ ಹಚ್ಚಿದ್ದಾರೆ. ಅವಳು ತಲೆ ಎತ್ತಿ, ತನ್ನ ಗುಂಡಿ ತಾನೇ ಹಚ್ಚಿಕೊಳ್ಳುವ ಮೈದುನನ ಅಂಗಿ ನೋಡುತ್ತಾಳೆ. ಅಲ್ಲಿ ಎಲ್ಲವೂ ಅಡ್ಡ ಹೊಲಿಗೆ.

ಅಂಚಿನಲ್ಲಿ ಕೆಂಪು ಪೆನ್ನಿನಿಂದ ಬರೆದಿಟ್ಟೆ: "ಇದು ಪುಸ್ತಕದ್ದಲ್ಲ, ನನ್ನದು. ಮೂಲ ನೋಡಿ ತಿದ್ದು."

"ಗುಂಡಿಯಿಂದ ಸಿಕ್ಕಿಬೀಳ್ತಾನೆ ಕಣೋ" ಎಂದಾಗ ತಮ್ಮ ತಲೆ ಮೇಲೆ ಕೈ ಹೊತ್ತ. "ಅಯ್ಯೋ, ಗುಂಡಿ ತೋಡ್ಸೋಕೆ ನಮ್ಮತ್ರ ಜಾಗ ಎಲ್ಲಿದೆ ಅಕ್ಕ?"

"ಅಂಗಿ ಗುಂಡಿ ಕಣೋ, ಮಂಕೇ!"

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಎರಡು ಸಲ ಓದಿದವನು ಇದು ಪುಸ್ತಕದಲ್ಲಿಲ್ಲ ಅನ್ನಬೇಕಿತ್ತಲ್ಲ ಎಂದು ನನ್ನ ಮಂಡೆಗೂ ಹೊಳೆಯಲಿಲ್ಲ.

ನನ್ನ ಅಂಗಡಿಯೇ ಪೊಲೀಸ್ ಠಾಣೆಯಾಯಿತು. ಇನ್‌ಸ್ಪೆಕ್ಟರಿಗೂ ಕೊಲೆಗಾರನಿಗೂ ಇದ್ದದ್ದು ಒಂದೇ ಕೋಟು, ಹಾಗಾಗಿ ಇಬ್ಬರೂ ಸಿನಿಮಾ ಪೂರ್ತಿ ಮುಖಾಮುಖಿಯಾಗಲೇ ಇಲ್ಲ. ಹದಿನೆಂಟು ಜನಕ್ಕೆ ದಿನಾ ನಾನೇ ಬೇಯಿಸಿ ಹಾಕಿದೆ.

ಮೊದಲ ಪ್ರದರ್ಶನ ಭಾನುವಾರ ಬೆಳಗ್ಗೆ. ದೀಪ ಆರಿತು. ಚಿತ್ರಕಥೆ, ಸಂಭಾಷಣೆ, ನಿರ್ದೇಶನ: ಮೂರಕ್ಕೂ ತಮ್ಮನ ಹೆಸರು. ತಪ್ಪಾಗಿರಬೇಕು, ಕೊನೆಯಲ್ಲಿ ಹಾಕಿರುತ್ತಾನೆ ಎಂದು ಕಾದೆ. ಕೊನೆಯಲ್ಲಿ ಬಂತು, ಲೈಟ್ ಹಿಡಿದವರಿಗಿಂತ ಕೆಳಗೆ. ಊಟೋಪಚಾರ: ನನ್ನ ಹೆಸರು.

ಪಕ್ಕದಲ್ಲಿದ್ದ ಅಮ್ಮ ನನ್ನ ಮುಖ ನೋಡದೆ, "ಅವನಿಗೆ ಹೆಸರು ಬಂದ್ರೆ ನಿನಗೆ ಬಂದಂಗೇ ಅಲ್ವೇನೆ?" ಎಂದಳು. ಅಂದರೆ ಅಮ್ಮನಿಗೂ ಮೊದಲೇ ಗೊತ್ತಿತ್ತು. ಇಬ್ಬರೂ ಸೇರಿ ನನ್ನ ಕುತ್ತಿಗೆ ಕೊಯ್ದಿದ್ದರು.

ತಮ್ಮ ವೇದಿಕೆ ಹತ್ತಿ, "ಕಾದಂಬರಿ ನನಗೆ ಬಾಯಿಪಾಠ. ಒಂದಕ್ಷರ ಬದಲಾಯಿಸಿಲ್ಲ" ಎಂದ. ಮುಂದಿನ ಸಾಲಿನಿಂದ ಒಬ್ಬ ಮುದುಕರು ಎದ್ದರು. ಮೂವತ್ತು ವರ್ಷ ಆ ಕಾದಂಬರಿಯನ್ನೇ ಪಾಠ ಮಾಡಿದ ಮೇಷ್ಟ್ರು.

"ಆ ಗುಂಡಿಯ ದೃಶ್ಯ ಇಡೀ ಸಿನಿಮಾನೇ ಎತ್ತಿಬಿಡ್ತಪ್ಪ. ಆದ್ರೆ ಅದು ಪುಸ್ತಕದಲ್ಲಿ ಇಲ್ವಲ್ಲ? ಅಲ್ಲಿ ಮೈದುನ ತಾನಾಗೇ ಬಂದು ತಪ್ಪು ಒಪ್ಕೋತಾನೆ. ಈ ಅಡ್ಡ ಹೊಲಿಗೆ ನಿಮಗೆ ಹೇಗೆ ಹೊಳೀತು?"

ತಮ್ಮನ ಮುಖ ಬಿಳಿಚಿಕೊಂಡಿತು. ಒಪ್ಪಿಕೊಳ್ಳಲಿ, ಈಗಲಾದರೂ ಬಾಯಿ ಬಿಡಲಿ ಎಂದು ನಾನು ಕಾದೆ. ಅವನು ಹಲ್ಲು ಕಿರಿದ. "ಅದು... ನಮ್ಮಕ್ಕ ಟೈಲರು, ಹೊಲಿಗೆ ವಿಷಯ ಅವಳಿಗೇ ಗೊತ್ತು. ಅಕ್ಕಾ, ಸ್ವಲ್ಪ ಹೇಳೇ."

ಮೈಕು ನನ್ನ ಕೈಗೆ ಬಂತು. ಅಮ್ಮ ತೊಡೆ ಚಿವುಟಿದಳು. ಚಿಕ್ಕಂದಿನಲ್ಲಿ ಏನಾದರೂ ಒಡೆದುಹಾಕಿ ನನ್ನ ಲಂಗದ ಹಿಂದೆ ಅಡಗುತ್ತಿದ್ದಾಗಿನ ಕಣ್ಣಿನಿಂದಲೇ ಅವನು ನೋಡುತ್ತಿದ್ದ. ಕರುಳು ಚುರುಕ್ ಅಂದಿತು, ಸುಳ್ಳೇಕೆ ಹೇಳಲಿ.

"ನನಗೇನು ಗೊತ್ತು ಮೇಷ್ಟ್ರೇ? ನಾನು ಊಟ ಹಾಕಿದವಳು. ತೆರೆ ಮೇಲೆ ಬಂತಲ್ಲ, ನೋಡ್ಲಿಲ್ವಾ?"

ಮೈಕು ವಾಪಸು ಕೊಟ್ಟು ಎದ್ದೆ. ತಮ್ಮ ತನ್ನ ಕೋಟಿನ ಗುಂಡಿ ತಿರುವುತ್ತಾ ನಿಂತೇ ಇದ್ದ. ಹಿಂದಿನ ದಿನವಷ್ಟೇ ಅದನ್ನು ನಾನೇ ಹಚ್ಚಿಕೊಟ್ಟಿದ್ದೆ, ನೇರ ಹೊಲಿಗೆಯಲ್ಲಿ.